ಕೊಳಗವೂ ಪೆಟ್ಟಿಗೆಯೂ ಜೊತೆಯಾದ ಆರು ವಾರ: ಸಾಗರ ಸೀಮೆಯ ಒಂದು ಕಲಾವಿದರ ರೆಸಿಡೆನ್ಸಿಯ ಬಗ್ಗೆ

ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಅಡಿಕೆ ಬೆಳೆಗಾರರ ಹಳೆಯ ಮನೆಯೊಂದನ್ನು ದುರಸ್ತಿ ಮಾಡಿ ನಡೆಸುತ್ತಿರುವ ಕಲಾವಿದರ ರೆಸಿಡೆನ್ಸಿಯಲ್ಲಿ, ಅಂದರೆ ಕಲಾವಿದರು ಕೆಲವು ವಾರ ತಂಗಿ ಕೆಲಸ ಮಾಡುವ ಜಾಗದಲ್ಲಿ, ನಾನು ಕಳೆದ ಮಳೆಗಾಲದ ಆರು ವಾರಗಳನ್ನು ಕಳೆದೆ. ಆಫ್ರಿಕನ್ ಮೂಲದ ಲ್ಯಾಟಿನ್ ಅಮೆರಿಕದ ನೃತ್ಯಗಳನ್ನು, ಅದರಲ್ಲೂ ಕ್ಯೂಬಾದ ರುಂಬಾವನ್ನು ಆಧಾರವಾಗಿಟ್ಟುಕೊಂಡು ನಮ್ಮ ಸೀಮೆಯ ಗೇಣಿದಾರರ ಬದುಕಿನ ಕುರಿತು ಒಂದು ನೃತ್ಯವನ್ನು ಕಟ್ಟುವುದು ನನ್ನ ಉದ್ದೇಶವಾಗಿತ್ತು. ನಾನು ಶಿವಮೊಗ್ಗದಲ್ಲಿ ನೃತ್ಯ ಕಲಿಸುತ್ತೇನೆ. ನನ್ನೊಡನೆ ಇನ್ನಿಬ್ಬರು ನೃತ್ಯಗಾತಿಯರು ಬಂದಿದ್ದರು. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನನಗೆ ಅವರ ಮೇಲೆ ಒಂದು ದೊಡ್ಡ ದೂರಿದೆ, ಅದನ್ನು ಅವರ ಮುಂದೆಯೇ ಹೇಳಿ ಬಂದಿದ್ದೇನೆ. ಮಲೆನಾಡಿನಲ್ಲಿ ಇಂಥ ಜಾಗಕ್ಕೆ ಅರ್ಜಿ ಹಾಕಬೇಕೆಂದಿರುವ ನೃತ್ಯ ಕಲಾವಿದರಿಗೆ ಅಲ್ಲಿ ಏನು ಸಿಗುತ್ತದೆ, ಏನನ್ನು ಮೊದಲೇ ಕೇಳಿಕೊಳ್ಳಬೇಕು ಎಂಬುದು ತಿಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ವ್ಯವಸ್ಥೆಯ ವಿಷಯ. ಮಲಗುವ ಕೋಣೆಗಳು ಚಿಕ್ಕವು, ಆದರೆ ಸ್ವಚ್ಛವಾಗಿವೆ. ಬಚ್ಚಲಲ್ಲಿ ಹಂಡೆಯ ಬಿಸಿನೀರು ಬೆಳಗಿನಿಂದ ರಾತ್ರಿಯವರೆಗೂ ಇರುತ್ತದೆ. ದಿನಕ್ಕೆ ಐದಾರು ಗಂಟೆ ಕುಣಿದ ಮೈಗೆ ಅದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲ. ಊಟ ಬಹಳ ಚೆನ್ನಾಗಿದೆ. ಬೆಳಿಗ್ಗೆ ಕಡುಬು ಅಥವಾ ಅಕ್ಕಿ ರೊಟ್ಟಿ, ಮಧ್ಯಾಹ್ನ ಒಂದು ತಂಬುಳಿ, ಒಂದು ಪಲ್ಯ, ಸಾರು. ಕಳಲೆ ಬಂದ ಮೇಲೆ ವಾರಕ್ಕೆರಡು ಸಲ ಕಳಲೆ ಹುಳಿ. ಮೊಬೈಲ್ ಸಿಗ್ನಲ್ ಜಗಲಿಯ ಒಂದು ಮೂಲೆಯಲ್ಲಿ ಮಾತ್ರ ಸಿಗುತ್ತದೆ. ಮಳೆ ಜೋರಾದ ದಿನ ವಿದ್ಯುತ್ ಇರುವುದಿಲ್ಲ, ಹೀಗಾಗಿ ಧ್ವನಿಮುದ್ರಿತ ಸಂಗೀತವನ್ನೇ ನಂಬಿ ಬರುವವರು ಬ್ಯಾಟರಿ ಸ್ಪೀಕರ್ ತರಬೇಕು.

ನೆಲದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಚಿತ್ರಕಾರರಿಗೆ ಬೆಳಕು ಹೇಗೋ ನೃತ್ಯಗಾರರಿಗೆ ನೆಲ ಹಾಗೆ. ಅರ್ಜಿಯ ಜೊತೆಗೆ ಕಳಿಸಿದ್ದ ಚಿತ್ರಗಳಲ್ಲಿ ಕಾಣುವ ದೊಡ್ಡ ಪಡಸಾಲೆಯದು ಕೆಂಪು ಗಾರೆಯ ನೆಲ. ನೋಡಲು ಕನ್ನಡಿಯಂತಿದೆ, ಬರಿಗಾಲಿಗೆ ತಂಪಾಗಿದೆ, ಆದರೆ ಅದರ ಕೆಳಗೆ ಕಲ್ಲಿದೆ. ರುಂಬಾದಲ್ಲಿ ಮಂಡಿ ಸದಾ ಸಡಿಲವಾಗಿ ಬಾಗಿರುತ್ತದೆ, ಮೈಯ ಭಾರ ನೆಲದ ಕಡೆಗೇ ಇಳಿಯುತ್ತದೆ, ಪ್ರತಿ ಹೆಜ್ಜೆಯೂ ಭೂಮಿಗೆ ಕೊಟ್ಟು ತೆಗೆದುಕೊಳ್ಳುವ ಹೆಜ್ಜೆ. ಆ ಕಲ್ಲಿನ ಮೇಲೆ ನಾಲ್ಕು ದಿನ ಅಭ್ಯಾಸ ಮಾಡಿದ ಮೇಲೆ ನಮ್ಮಲ್ಲಿ ಒಬ್ಬಳಿಗೆ ಮೊಣಕಾಲಿನ ಕೆಳಗಿನ ಎಲುಬು ಮುಟ್ಟಲಾಗದಷ್ಟು ನೋಯತೊಡಗಿತು. ಹಿಂಬದಿಯ ಅಟ್ಟಕ್ಕೆ ಹಲಗೆ ಹಾಸಿದ ನೆಲವಿದೆ ಎಂಬುದನ್ನು ಯಾರೂ ಹೇಳಿರಲಿಲ್ಲ, ಅಲ್ಲಿ ಹಳೆಯ ಸಾಮಾನು ತುಂಬಿತ್ತು. ನಾವು ಕೇಳಿದ ಮೇಲೆ ಎರಡೇ ದಿನದಲ್ಲಿ ಅದನ್ನು ಖಾಲಿ ಮಾಡಿಸಿ, ಎದ್ದಿದ್ದ ಮೊಳೆಗಳನ್ನು ಬಡಿಸಿ ಕೊಟ್ಟರು. ಅಲ್ಲಿನ ಹಲಗೆ ಕಾಲಿನ ಪೆಟ್ಟನ್ನು ನುಂಗಿಕೊಂಡು ಮೆಲ್ಲಗೆ ಹಿಂತಿರುಗಿಸುತ್ತದೆ. ಮುಂದಿನ ಐದು ವಾರದ ಕೆಲಸವೆಲ್ಲ ಆ ಅಟ್ಟದಲ್ಲಿ ನಡೆಯಿತು. ಹೋಗುವವರು ಮೊದಲ ದಿನವೇ ಅಟ್ಟವನ್ನು ಕೇಳಿ.

ನಾನು ಈ ನೃತ್ಯಕ್ಕೆ ಬಂದದ್ದು ಬೆಂಗಳೂರಿನ ಸಾಲ್ಸಾ ತರಗತಿಗಳ ಮೂಲಕ. ಅಲ್ಲಿ ಕಲಿತವರಿಗೆಲ್ಲ ಆ ಎಣಿಕೆ ಗೊತ್ತಿರುತ್ತದೆ: ಒಂದು, ಎರಡು, ಮೂರು, ಬಿಡುವು, ಐದು, ಆರು, ಏಳು, ಬಿಡುವು. ಎಣಿಕೆಯನ್ನು ಕಲಿಸುತ್ತಾರೆ, ಅದನ್ನು ಕಟ್ಟಿದವರು ಯಾರು ಎಂಬುದನ್ನು ಕಲಿಸುವುದು ಅಪರೂಪ. 1960 ಮತ್ತು 70ರ ದಶಕಗಳಲ್ಲಿ ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಪೋರ್ಟೊ ರಿಕೊ ಮತ್ತು ಕ್ಯೂಬಾ ಮೂಲದ ಸಂಗೀತಗಾರರ ನಡುವೆ ಸಾಲ್ಸಾ ಎಂಬ ಹೆಸರು ಗಟ್ಟಿಯಾಯಿತು. ಅದರ ಬೇರು ಕ್ಯೂಬಾದ ಸೋನ್ ಎಂಬ ಹಾಡು-ಕುಣಿತದಲ್ಲಿ ಮತ್ತು ರುಂಬಾದಲ್ಲಿದೆ. ರುಂಬಾ ಹುಟ್ಟಿದ್ದು ಹವಾನಾ ಮತ್ತು ಮಟಾನ್ಸಾಸ್ ಊರುಗಳ ಬಡವರ ವಠಾರಗಳಲ್ಲಿ, ಬಂದರಿನ ಕೂಲಿಗಳ ನಡುವೆ, ಕಬ್ಬಿನ ತೋಟಗಳ ಸುತ್ತ. ಕ್ಯೂಬಾದಲ್ಲಿ ಗುಲಾಮಗಿರಿ ಕಾನೂನಿನ ಮೂಲಕ ಕೊನೆಗೊಂಡದ್ದು 1886ರಲ್ಲಿ. 2016ರಲ್ಲಿ ಯುನೆಸ್ಕೋ ರುಂಬಾವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಈ ಎರಡು ಇಸವಿಗಳ ನಡುವೆ ಅದನ್ನು ಉಳಿಸಿಕೊಂಡು ಬಂದವರು ಅರಮನೆಯ ಕಲಾವಿದರಲ್ಲ. ಹಗಲು ಮೂಟೆ ಹೊತ್ತು ಸಂಜೆ ಕುಣಿದವರು. ಇದನ್ನು ತಿಳಿದ ಮೇಲೆ ಈ ಹೆಜ್ಜೆಗಳನ್ನು ಬರಿಯ ಸಂಜೆಯ ಮನರಂಜನೆಯಾಗಿ ಕಲಿಸುವುದು ನನಗೆ ಸಾಧ್ಯವಾಗಲಿಲ್ಲ.

ಸಾಗರದ ಸೀಮೆಯಲ್ಲಿಯೇ ಇದನ್ನು ಕಟ್ಟಬೇಕು ಎಂದುಕೊಂಡದ್ದಕ್ಕೆ ಕಾರಣ ಇಲ್ಲಿನ ಕಾಗೋಡು ಎಂಬ ಹಳ್ಳಿ. ಗೇಣಿದಾರರು ನಡೆಸಿದ 1951ರ ಕಾಗೋಡು ಸತ್ಯಾಗ್ರಹದ ಬಗ್ಗೆ ಶಿವಮೊಗ್ಗ ಜಿಲ್ಲೆಯಲ್ಲಿ ಶಾಲೆಗೆ ಹೋದವರೆಲ್ಲ ಒಂದಿಷ್ಟು ಕೇಳಿರುತ್ತಾರೆ. ಗಣಪತಿಯಪ್ಪನವರ ಸಂಘಟನೆ, ಶಾಂತವೇರಿ ಗೋಪಾಲಗೌಡರ ಮುಂದಾಳತ್ವ, ರಾಮಮನೋಹರ ಲೋಹಿಯಾ ಬಂದು ಸೆರೆಯಾದದ್ದು, ಇವೆಲ್ಲ ಪಾಠದಲ್ಲಿ ಬರುತ್ತವೆ. ಆ ಚಳವಳಿಯ ಒಡಲಲ್ಲಿ ಒಂದು ಸಣ್ಣ ವಸ್ತುವಿತ್ತು: ಧಾನ್ಯ ಅಳೆಯುವ ಕೊಳಗ. ಗೇಣಿಯ ಭತ್ತವನ್ನು ಅಳೆದುಕೊಳ್ಳುವಾಗ ಒಡೆಯರ ಕಡೆಯ ಕೊಳಗ ವಾಡಿಕೆಯ ಅಳತೆಗಿಂತ ದೊಡ್ಡದಾಗಿತ್ತು ಎಂಬುದು ದೀವರ ಸಮುದಾಯದ ಗೇಣಿದಾರರ ಮುಖ್ಯ ದೂರುಗಳಲ್ಲಿ ಒಂದಾಗಿತ್ತು. ಲೆಕ್ಕದಲ್ಲಿ ಅಷ್ಟೇ ಕೊಳಗ, ಕಣದಿಂದ ಹೋಗುವುದು ಮಾತ್ರ ಹೆಚ್ಚು ಭತ್ತ. ಉಳುವವನೇ ಹೊಲದೊಡೆಯ ಎಂಬ ಕೂಗಿಗೆ ಕಾನೂನಿನ ಬಲ ಬರಲು 1974ರ ಭೂಸುಧಾರಣೆ ತಿದ್ದುಪಡಿಯವರೆಗೆ ಕಾಯಬೇಕಾಯಿತು.

ಇಷ್ಟನ್ನು ಇಟ್ಟುಕೊಂಡು ಹೋದೆವು, ಮತ್ತು ಮೊದಲ ಎರಡು ವಾರ ಕೆಟ್ಟ ಕೆಲಸ ಮಾಡಿದೆವು. ಒಬ್ಬಳು ಸರಪಳಿ ಹಿಡಿದು ಕುಣಿಯುವ ದೃಶ್ಯವೊಂದಿತ್ತು, ಇನ್ನೊಬ್ಬಳು ಮೂಟೆಯ ಕೆಳಗೆ ಕುಸಿಯುವ ದೃಶ್ಯವಿತ್ತು. ನೋಡಿದವರಿಗೆ ಅರ್ಥವಾಗುತ್ತಿತ್ತು, ಅರ್ಥವಾಗುವುದನ್ನು ಬಿಟ್ಟು ಇನ್ನೇನೂ ಆಗುತ್ತಿರಲಿಲ್ಲ. ಸಾಮಾಜಿಕ ಕಾಳಜಿಯ ನೃತ್ಯವೆಂದರೆ ಇದೇ ಎಂದು ನಾವು ಎಷ್ಟೋ ವರ್ಷದಿಂದ ಅಂದುಕೊಂಡಿದ್ದೇವೆ: ಸಂಕಟದ ಚಿತ್ರವೊಂದನ್ನು ಮೈಯಲ್ಲಿ ಬರೆದು ತೋರಿಸುವುದು. ಆದರೆ ರುಂಬಾ ಕುಣಿದವರು ತಮ್ಮ ಸಂಕಟವನ್ನು ಅಭಿನಯಿಸಲಿಲ್ಲ. ದಿನವಿಡೀ ಬೇರೆಯವರ ಲೆಕ್ಕಕ್ಕೆ ದುಡಿದ ಮೈಯನ್ನು ಸಂಜೆ ತಮ್ಮ ತಾಳಕ್ಕೆ ಮರಳಿ ಪಡೆದರು. ಅದನ್ನು ಬಿಟ್ಟು ಸರಪಳಿಯನ್ನು ತೋರಿಸುವುದು ಅವರಿಗೂ ಅನ್ಯಾಯ, ಕಾಗೋಡಿನವರಿಗೂ ಅನ್ಯಾಯ. ಸರಪಳಿಯನ್ನು ಕೊಟ್ಟಿಗೆಗೆ ಮರಳಿಸಿದೆವು. ಈ ರೆಸಿಡೆನ್ಸಿ ಆರು ವಾರದ್ದಾಗಿರದೆ ಎರಡು ವಾರದ್ದಾಗಿದ್ದರೆ ನಾವು ಆ ಸರಪಳಿಯ ದೃಶ್ಯವನ್ನೇ ಪ್ರದರ್ಶಿಸಿ ಬರುತ್ತಿದ್ದೆವು. ತಪ್ಪು ಮಾಡಿ, ಅದು ತಪ್ಪೆಂದು ಕಂಡು, ಮತ್ತೆ ಮೊದಲಿಂದ ಶುರುಮಾಡುವಷ್ಟು ಕಾಲಾವಕಾಶ ಕೊಡುವುದು ಈ ಜಾಗದ ಅತಿ ದೊಡ್ಡ ಗುಣ. ವಾರಕ್ಕೊಮ್ಮೆ ವರದಿ ಕೇಳುವುದಿಲ್ಲ, ನಡುವೆ ಅತಿಥಿಗಳನ್ನು ಕರೆತಂದು ತೋರಿಸಿ ಎನ್ನುವುದಿಲ್ಲ.

ಮೂರನೆಯ ವಾರ ಮಳೆ ಕೆಲಸವನ್ನು ತಿರುಗಿಸಿತು. ನಮಗೆ ಇಬ್ಬರು ವಾದ್ಯಗಾರರು ಸಿಕ್ಕಿದ್ದರು. ಒಬ್ಬರು ಹತ್ತಿರದ ಊರಿನ ಡೊಳ್ಳು ಬಾರಿಸುವವರು, ಇನ್ನೊಬ್ಬರು ಯಲ್ಲಾಪುರದ ಕಡೆಯ ಸಿದ್ದಿ ಸಮುದಾಯದ ಡಮಾಮಿ ಬಾರಿಸುವವರು. ಎರಡೂ ಚರ್ಮವಾದ್ಯಗಳು. ಒಂಬತ್ತು ದಿನ ಬಿಡದೆ ಹೊಯ್ದ ಮಳೆಯಲ್ಲಿ ಡೊಳ್ಳಿನ ಚರ್ಮ ತೇವ ಕುಡಿದು ಸಡಿಲಾಗಿ, ಎಷ್ಟು ಬಿಗಿದರೂ, ಒಲೆಯ ಕಾವು ತೋರಿಸಿದರೂ ಹತ್ತು ನಿಮಿಷಕ್ಕೆ ಮತ್ತೆ ಸೋಲುತ್ತಿತ್ತು. ಆಗ ಡೊಳ್ಳಿನವರು ಮೂಲೆಯಲ್ಲಿದ್ದ ಒಂದು ಮರದ ಪೆಟ್ಟಿಗೆಯನ್ನು ಎಳೆದುಕೊಂಡು ಅದರ ಮೇಲೆ ಕುಳಿತು, ಕಾಲಿನ ನಡುವೆ ಕೈಯಿಳಿಸಿ ಬಾರಿಸತೊಡಗಿದರು. ಅವರು ಕಾಹೋನ್ ಎಂಬ ಹೆಸರನ್ನೇ ಕೇಳಿದವರಲ್ಲ. ಪೆರುವಿನಲ್ಲಿ ಗುಲಾಮರಾಗಿದ್ದ ಆಫ್ರಿಕನ್ನರು ಮತ್ತು ಅವರ ಮಕ್ಕಳು ಬೆಳೆಸಿದ ಪೆಟ್ಟಿಗೆ ವಾದ್ಯ ಕಾಹೋನ್. 2001ರಲ್ಲಿ ಆ ದೇಶ ಅದನ್ನು ರಾಷ್ಟ್ರದ ಪರಂಪರೆಯೆಂದು ಘೋಷಿಸಿತು. ಕ್ಯೂಬಾದಲ್ಲಿಯೂ ರುಂಬಾವನ್ನು ಮೊದಮೊದಲು ಬಾರಿಸಿದ್ದು ಬಂದರಿಗೆ ಸರಕು ಬರುತ್ತಿದ್ದ ಪೆಟ್ಟಿಗೆಗಳ ಮೇಲೆ: ದಪ್ಪ ನಾದಕ್ಕೆ ಒಣಮೀನು ತುಂಬಿ ಬಂದ ದೊಡ್ಡ ಪೆಟ್ಟಿಗೆ, ಚೂಪು ನಾದಕ್ಕೆ ಮೋಂಬತ್ತಿಯ ಸಣ್ಣ ಪೆಟ್ಟಿಗೆ. ಆಳುವವರು ಆಫ್ರಿಕನ್ ಡೋಲುಗಳ ಮೇಲೆ ಹಲವು ಬಾರಿ ನಿರ್ಬಂಧ ಹೇರಿದ್ದ ನಾಡಿನಲ್ಲಿ, ಮೂಟೆ ಇಳಿಸಿದವನ ಕೈಗೆ ಸಿಕ್ಕಿದ್ದು ಪೆಟ್ಟಿಗೆ. ನಮ್ಮ ಡೋಲನ್ನು ಮಳೆ ಕಟ್ಟಿಹಾಕಿತ್ತು, ಅವರದನ್ನು ಅಧಿಕಾರ. ಎರಡೂ ಒಂದೇ ಎಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಆ ಮಧ್ಯಾಹ್ನ ಅಟ್ಟದಲ್ಲಿ ಕುಳಿತಿದ್ದವರಿಗೆಲ್ಲ ಮುಂದಿನ ದಾರಿ ತಿಳಿಯಿತು: ನಮ್ಮ ಸೀಮೆಯ ಪೆಟ್ಟಿಗೆ ಕೊಳಗ.

ಕೊಳಗ ಸಿಕ್ಕಿದ್ದು ಪಕ್ಕದ ಮನೆಯ ಅಜ್ಜಿಯ ಬಳಿ. ಎಂಬತ್ತು ದಾಟಿದ ಜೀವ. ಹಲಸಿನ ಮರದಲ್ಲಿ ಕಡೆದ ಕೊಳಗ, ಬಾಯಿಗೆ ಹಿತ್ತಾಳೆಯ ಪಟ್ಟಿ. ಆ ಪಟ್ಟಿ ಒಂದು ಕಡೆ ಮಾತ್ರ ತೆಳ್ಳಗೆ ಸವೆದು ಹೊಳೆಯುತ್ತಿತ್ತು, ಏಕೆಂದರೆ ತುಂಬಿದ ಮೇಲೆ ಬಾಯಿ ಸವರುವ ಕೋಲು ಯಾವಾಗಲೂ ಒಂದೇ ಕಡೆಯಿಂದ ಹೊರಗೆ ಹೋಗುತ್ತದೆ. ಒಳಗೆ ಮೂಗಿಟ್ಟರೆ ಈಗಲೂ ಹೊಟ್ಟಿನ ವಾಸನೆ. ಬುಡಕ್ಕೆ ಅಂಗೈಯಿಂದ ಹೊಡೆದರೆ ಮಡಕೆಯಂಥ ಆಳದ ನಾದ, ಅಂಚಿಗೆ ಬೆರಳಿನಿಂದ ತಟ್ಟಿದರೆ ಹಿತ್ತಾಳೆ ಒಂದು ಕ್ಷಣ ಉಲಿದು ನಿಲ್ಲುತ್ತದೆ. ಬಾರಿಸಲು ನಾನು ಹಿಂಜರಿದಾಗ ಅಜ್ಜಿ, "ಹೊಡಿ ಮಗ, ಅದೇನು ಒಡದೋಗಲ್ಲ, ನನ್ನ ಅಪ್ಪನ ಕಾಲದ್ದು" ಎಂದರು.

ಅಳೆಯುವುದು ಹೇಗೆಂದು ತೋರಿಸಿ ಎಂದು ಕೇಳಿದೆವು. ಅಜ್ಜಿ ಕುಕ್ಕರಗಾಲಿನಲ್ಲಿ ಕುಳಿತು, ಎಡಗೈಯಿಂದ ಕೊಳಗವನ್ನು ತಬ್ಬಿ, ಬಲಗೈಯಿಂದ ಭತ್ತ ಬಾಚಿ ತುಂಬಿ, ಬಾಯಿ ಸವರಿ, ಮಗ್ಗುಲಿಗೆ ಸುರಿದು ಎಣಿಸಿದರು: "ಲಾಭ... ಎರಡು... ಮೂರು..." ಒಂದು ಎಂದು ಹೇಳುವ ಕಡೆ ಲಾಭ ಎನ್ನುವುದು ನಮ್ಮ ಕಣಗಳ ಹಳೆಯ ರೂಢಿ, ಒಕ್ಕಲು ಮನೆಯಲ್ಲಿ ಹುಟ್ಟಿದವರಿಗೆ ಇದು ಹೊಸದಲ್ಲ. ಆದರೆ ಇಪ್ಪತ್ತು ವರ್ಷ ಒಂದು, ಎರಡು, ಮೂರು ಎಂದು ಎಣಿಸಿ ಕುಣಿದ ನನಗೆ ಆ ಮೊದಲ ಎಣಿಕೆಯ ಜಾಗದಲ್ಲಿ ಲಾಭ ಎಂಬ ಮಾತು ಬಿದ್ದಾಗ ಮೈ ಝುಮ್ಮೆಂದಿತು. ಆ ಲಾಭ ಯಾರದು ಎಂದು ಕೇಳಿದೆ. ಅಜ್ಜಿ ಭತ್ತವನ್ನು ಬಾಚುತ್ತಲೇ, "ಅಳೆಸ್ಕೊಂಡೋರದ್ದು" ಎಂದರು. ಅಷ್ಟೇ. ನಮ್ಮ ನೃತ್ಯದ ಮೊದಲ ಭಾಗ ಅಲ್ಲಿಂದಲೇ ಹುಟ್ಟಿತು: ಒಬ್ಬಳು ಎಣಿಸುತ್ತಾಳೆ, ಲಾಭ ಎಂಬ ಎಣಿಕೆಯ ಮೇಲೆ ಮಾತ್ರ ಯಾರೂ ಹೆಜ್ಜೆ ಇಡುವುದಿಲ್ಲ. ನೋಡುವವರು ಎರಡು ನಿಮಿಷದಲ್ಲಿ ಆ ಖಾಲಿ ಜಾಗಕ್ಕೆ ಕಾಯತೊಡಗುತ್ತಾರೆ. ಕೊನೆಯ ಭಾಗದಲ್ಲಿ ಮೂವರ ಪಾದವೂ ಒಟ್ಟಿಗೆ ಬೀಳುವುದು ಅದೇ ಎಣಿಕೆಯ ಮೇಲೆ.

ಇದರ ಕೆಳಗೆ ಓಡುವ ತಾಳ ಕ್ಲಾವೆ. ಎರಡು ಗಟ್ಟಿ ಮರದ ತುಂಡುಗಳನ್ನು ಒಂದಕ್ಕೊಂದು ತಟ್ಟಿ ಹೊರಡಿಸುವ ಐದು ಪೆಟ್ಟುಗಳು. ಒಂದು ಆವರ್ತದಲ್ಲಿ ಮೂರು, ಇನ್ನೊಂದರಲ್ಲಿ ಎರಡು. ಉಳಿದ ವಾದ್ಯಗಳು ಎಲ್ಲಿಗೆ ಹೋದರೂ ಈ ಐದು ಪೆಟ್ಟನ್ನು ಮರೆಯುವಂತಿಲ್ಲ. ಡೊಳ್ಳಿನವರು ಮೊದಲ ದಿನ ಅದನ್ನು ಕೇಳಿ, ಇದು ಕುಂಟುತ್ತದೆ ಎಂದರು. ಮೂರನೆಯ ದಿನ, ಕುಂಟುವುದಲ್ಲ, ಒಂದು ಕಾಲು ಎತ್ತಿ ಕಾಯುತ್ತದೆ ಎಂದರು. ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಯಾವ ಗುರುವಿನಿಂದಲೂ ಕೇಳಿಲ್ಲ; ಈಗ ನನ್ನ ತರಗತಿಯಲ್ಲಿ ಹಾಗೆಯೇ ಕಲಿಸುತ್ತೇನೆ. ರುಂಬಾದ ಇನ್ನೊಂದು ನಿಯಮವೂ ಅವರಿಗೆ ಬಹಳ ಹಿಡಿಸಿತು. ಕಿಂಟೋ ಎಂಬ ಸಣ್ಣ ಡೋಲು ಕುಣಿಯುವವರ ಮೈಯನ್ನು ನೋಡಿ ಮಾತನಾಡುತ್ತದೆ, ಹೆಜ್ಜೆಗೆ ಉತ್ತರ ಕೊಡುತ್ತದೆ. ಪೋರ್ಟೊ ರಿಕೊದ ಬೊಂಬಾ ನೃತ್ಯದಲ್ಲಿಯೂ ಕುಣಿಯುವವರೇ ಡೋಲಿಗೆ ಸವಾಲು ಹಾಕುತ್ತಾರೆ. ಅಂದರೆ ತಾಳ ಹಾಕುವವನ ಆಜ್ಞೆಗೆ ಮೈ ಕುಣಿಯುವುದಿಲ್ಲ.

ರುಂಬಾದ ಮೂರು ಬಗೆಗಳಲ್ಲಿ ಗ್ವಾಗ್ವಾಂಕೊ ಹೆಚ್ಚು ಪ್ರಸಿದ್ಧ. ಅದರಲ್ಲಿ ಗಂಡು ತನ್ನ ಕೈಯಿಂದಲೋ ಕಾಲಿನಿಂದಲೋ ಸೊಂಟದಿಂದಲೋ ಹೆಣ್ಣನ್ನು ತಟ್ಟನೆ ಗುರಿಯಾಗಿಸುವ ಒಂದು ಚಲನೆಯಿದೆ, ಹೆಣ್ಣು ಅದನ್ನು ಕೈಯಿಂದ, ಲಂಗದಿಂದ ತಡೆದು ಪಾರಾಗುತ್ತಾಳೆ. ಕೊಲಂಬಿಯಾ ಎಂಬುದು ಒಬ್ಬೊಬ್ಬರೇ ಕುಣಿಯುವ, ಹೆಚ್ಚಾಗಿ ಗಂಡಸರದ್ದಾದ ವೇಗದ ನೃತ್ಯ. ಯಾಂಬು ನಿಧಾನದ್ದು, ಹಳೆಯದು, ಪೆಟ್ಟಿಗೆಗಳ ಮೇಲೆಯೇ ಬಾರಿಸುವಂಥದ್ದು. ಅದರಲ್ಲಿ ಆ ಗುರಿಯಿಡುವ ಚಲನೆ ಇಲ್ಲವೇ ಇಲ್ಲ. ನಾನು ಯಾಂಬುವನ್ನು ಆರಿಸಿಕೊಂಡೆ. ಹಳ್ಳಿಯವರಿಗೆ ಮುಜುಗರವಾದೀತು ಎಂಬ ಅಂಜಿಕೆ ಅದಕ್ಕೆ ಕಾರಣವಲ್ಲ. ಯಾಂಬುವಿನಲ್ಲಿ ಮುಪ್ಪಿನ ಮೈಗೆ ಗೌರವವಿದೆ. ಬಾಗಿದ ಬೆನ್ನು, ಸಣ್ಣ ಹೆಜ್ಜೆ, ನೋವಿರುವ ಸೊಂಟ ಅದರಲ್ಲಿ ಚೆಂದವಾಗಿ ಕಾಣುತ್ತವೆ. ಎಂಬತ್ತು ದಾಟಿದ ಅಜ್ಜಿಯ ಅಳತೆಯನ್ನು ಕುಣಿಯಲು ಬೇರೆ ಯಾವ ನೃತ್ಯವೂ ಒದಗುತ್ತಿರಲಿಲ್ಲ.

ಸಿದ್ದಿ ಕಲಾವಿದರ ವಿಷಯವನ್ನು ಎಚ್ಚರದಿಂದ ಬರೆಯುತ್ತೇನೆ. ರೆಸಿಡೆನ್ಸಿಯ ಪ್ರಕಟಣೆಯಲ್ಲಿ "ಆಫ್ರಿಕಾ ತನ್ನನ್ನು ತಾನು ಮಲೆನಾಡಿನಲ್ಲಿ ಸಂಧಿಸುತ್ತಿದೆ" ಎಂಬರ್ಥದ ಮಾತುಗಳಿದ್ದವು. ಸದುದ್ದೇಶದಿಂದಲೇ ಬರೆದಿದ್ದರು. ಆದರೆ ಸಿದ್ದಿಗಳ ಪೂರ್ವಿಕರು ಮುಖ್ಯವಾಗಿ ಆಫ್ರಿಕಾದ ಪೂರ್ವ ಭಾಗದಿಂದ, ಅರಬ್ ವ್ಯಾಪಾರಿಗಳ ಮತ್ತು ಗೋವೆಯನ್ನು ಆಳಿದ ಪೋರ್ಚುಗೀಸರ ಕೈಯಲ್ಲಿ ಈ ತೀರಕ್ಕೆ ಬಂದವರು; ಕ್ಯೂಬಾಕ್ಕೆ ಸಾಗಿಸಲ್ಪಟ್ಟವರಲ್ಲಿ ಹೆಚ್ಚಿನವರು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದವರು. ಭಾಷೆ ಬೇರೆ, ದೈವಗಳು ಬೇರೆ, ಡೋಲು ಬೇರೆ. ಅವರನ್ನು ಒಂದಾಗಿಸಿದ್ದು ಮಾರಾಟವಾದ ಸಂಕಟ; ಅದನ್ನೇ ಸಂಸ್ಕೃತಿ ಎಂದು ಕರೆದು ಒಂದು ಬುಟ್ಟಿಗೆ ಹಾಕುವುದು ಸರಿಯಲ್ಲ. ನಮ್ಮ ಡಮಾಮಿ ವಾದಕರು ಅದನ್ನು ನನಗಿಂತ ಚೆನ್ನಾಗಿ ಹೇಳಿದರು: "ಎಲ್ಲರೂ ನಮ್ಮನ್ನ ಆಫ್ರಿಕಾದವರು ಅಂತಾರೆ ಮೇಡಂ. ನಾನು ಹುಟ್ಟಿದ್ದು, ನನ್ನ ಅಜ್ಜ ಹುಟ್ಟಿದ್ದು ಯಲ್ಲಾಪುರದ ಕಾಡಲ್ಲಿ. ನನ್ನ ಡಮಾಮಿ ಕೇಳಿ, ಆಮೇಲೆ ಹೆಸರಿಡಿ." ಎಲ್ಲೋ ಉತ್ಸವದಲ್ಲಿ ಮೈಗೆ ಬಣ್ಣ ಬಳಿದು, ಸೊಪ್ಪು ಕಟ್ಟಿ ಕುಣಿಸಿದ್ದನ್ನೂ ಹೇಳಿದರು, ಇಲ್ಲಿ ಅಂಗಿ ಪಂಚೆಯಲ್ಲೇ ಬಾರಿಸುತ್ತೇನೆ ಎಂದರು, ಹಾಗೆಯೇ ಬಾರಿಸಿದರು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದೇ 2003ರಲ್ಲಿ. ತಾವು ಯಾರೆಂದು ಹೇಳಿಕೊಳ್ಳುವ ಹಕ್ಕಿಗಾಗಿ ಇಷ್ಟು ಕಾದವರ ಮೇಲೆ ನಾವು ಇನ್ನೊಂದು ವೇಷವನ್ನು ಹೊರಿಸಬಾರದು. ಪ್ರಕಟಣೆಯ ಆ ಸಾಲನ್ನು ತೆಗೆಯಿರಿ ಎಂದು ಕೇಳಿದಾಗ ಸಂಚಾಲಕರು ಅದೇ ಸಂಜೆ ತೆಗೆದರು, ಹೊಸದನ್ನು ಡಮಾಮಿ ವಾದಕರಿಗೆ ಓದಿ ಹೇಳಿ ಒಪ್ಪಿಗೆ ಪಡೆದರು. ಇದು ಸಣ್ಣ ಸಂಗತಿಯಲ್ಲ, ಮೆಚ್ಚಿ ಹೇಳುತ್ತಿದ್ದೇನೆ.

ಈಗ ದೂರಿನ ಮಾತು. ನಾಲ್ಕನೆಯ ವಾರದ ಕೊನೆಯಲ್ಲಿ, ಊಟ ಮುಗಿಸಿ ಜಗಲಿಯಲ್ಲಿ ಕುಳಿತಿದ್ದಾಗ, ನಮ್ಮ ಸಂಭಾವನೆ ಮತ್ತು ವಾದ್ಯಗಾರರ ಸಂಭಾವನೆ ಒಂದೇ ಅಲ್ಲ ಎಂಬುದು ಮಾತಿನ ನಡುವೆ ತಿಳಿಯಿತು. ನೃತ್ಯಗಾರರಾದ ನಮಗೆ ವಾರದ ಲೆಕ್ಕ, ಅವರಿಗೆ ದಿನದ ಲೆಕ್ಕ. ಮಳೆಗೆ ಬಸ್ಸು ಬಾರದೆ ಅವರು ತಪ್ಪಿಸಿಕೊಂಡ ದಿನಕ್ಕೆ ಹಣವಿಲ್ಲ. ಒಟ್ಟು ಮಾಡಿ ನೋಡಿದರೆ ಅವರ ಕೈಗೆ ಬರುತ್ತಿದ್ದುದು ನನ್ನದರ ಅರ್ಧಕ್ಕಿಂತ ಕಡಿಮೆ. ನಮ್ಮನ್ನು ಕಾಗದಪತ್ರಗಳಲ್ಲಿ ಕಲಾವಿದರು ಎಂದು ಬರೆದಿದ್ದರೆ, ಅವರನ್ನು ಸ್ಥಳೀಯ ಸಹಾಯಕರು ಎಂದು ಬರೆದಿದ್ದರು. ಬೆಳಿಗ್ಗೆಯಿಂದ ಸಂಜೆಯವರೆಗೆ ದೊಡ್ಡ ಕೊಳಗ, ಚಿಕ್ಕ ಕೊಳಗ ಎಂದು ಕುಣಿಯುತ್ತಿದ್ದ ಅಟ್ಟದಲ್ಲಿಯೇ ಎರಡು ಕೊಳಗಗಳಿದ್ದವು, ನಾನು ತಿಂಗಳಾದರೂ ಕೇಳಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಸಂಚಾಲಕರ ಬಳಿ ಕುಳಿತು ಮಾತನಾಡಿದೆವು. ಅನುದಾನ ಕೊಡುವವರ ನಮೂನೆಯಲ್ಲಿ ಆ ಎರಡು ವಿಭಾಗಗಳು ಮೊದಲೇ ಇರುತ್ತವೆ, ಹೊರಗಿನಿಂದ ಬಂದವರಿಗೆ ಒಂದು ಸಾಲು, ಊರಿನವರಿಗೆ ಇನ್ನೊಂದು ಸಾಲು ಎಂದರು. ನಮೂನೆ ಹಾಗಿದ್ದರೆ ಅದರ ಬಗ್ಗೆ ಬರೆದು ಕೇಳಬೇಕಿತ್ತು ಎಂದು ನಾನು ಹೇಳಿದೆ. ವಾದ ಬೆಳೆಯಿತು, ಆದರೆ ಯಾರೂ ಎದ್ದು ಹೋಗಲಿಲ್ಲ. ಕೊನೆಯ ಎರಡು ವಾರಕ್ಕೆ ಐವರಿಗೂ ಒಂದೇ ಸಂಭಾವನೆ ಮಾಡಿದರು, ಅಂತಿಮ ಪ್ರದರ್ಶನದ ಕರಪತ್ರದಲ್ಲಿ ಐವರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿ ಬಂದವು. ಹಿಂದಿನ ನಾಲ್ಕು ವಾರದ ವ್ಯತ್ಯಾಸವನ್ನು ಮಾತ್ರ ಕೊಡಲಿಲ್ಲ; ನಾವು ಮೂವರು ನಮ್ಮದರಿಂದ ಅದನ್ನು ಸರಿಮಾಡಿದೆವು. ಅದು ನಮ್ಮ ದೊಡ್ಡತನವಲ್ಲ, ಸಂಸ್ಥೆ ಕೊಡಬೇಕಾಗಿದ್ದ ಹಣ. ಮುಂದಿನ ವರ್ಷದ ಒಪ್ಪಂದದಲ್ಲಿ ಇದು ಬದಲಾಗದಿದ್ದರೆ ನಾನು ಯಾರಿಗೂ ಅಲ್ಲಿಗೆ ಹೋಗಿ ಎಂದು ಹೇಳಲಾರೆ. ಅರ್ಜಿ ಹಾಕುವವರು, ಊರಿನ ಕಲಾವಿದರಿಗೆ ಎಷ್ಟು ಕೊಡುತ್ತೀರಿ, ಯಾವ ಹೆಸರಿನಲ್ಲಿ ಕೊಡುತ್ತೀರಿ ಎಂದು ಬರಹದಲ್ಲಿಯೇ ಕೇಳಿ. ನಾನು ಹೋಗುವ ಮೊದಲೇ ಕೇಳಬೇಕಿತ್ತು.

ಕೊನೆಯ ಶನಿವಾರ ಪ್ರದರ್ಶನ. ಅಂಗಳಕ್ಕೆ ಟಾರ್ಪಾಲು ಕಟ್ಟಿ, ಅಟ್ಟದ ಹಲಗೆಗಳನ್ನೇ ಇಳಿಸಿ ನೆಲ ಮಾಡಿದ್ದರು. ಮನೆಯ ಕೆಲಸದವರು, ಸುತ್ತಲ ಮನೆಗಳವರು, ಶಾಲೆಯ ಮಕ್ಕಳು, ಹೆಗ್ಗೋಡಿನ ಕಡೆಯಿಂದ ಬಂದ ಕೆಲವು ರಂಗಾಸಕ್ತರು ನೆರೆದಿದ್ದರು. 1949ರಲ್ಲಿ ನೀನಾಸಂ ರಂಗಸಂಸ್ಥೆ ಹುಟ್ಟಿದ ಸೀಮೆ ಇದು. ನಾಟಕ ನೋಡಿ ಸುಮ್ಮನೆ ಎದ್ದು ಹೋಗುವ ಜನ ಇಲ್ಲಿ ಕಡಿಮೆ. ನಲವತ್ತು ನಿಮಿಷದ ನೃತ್ಯ ಮುಗಿದ ಮೇಲೆ ಒಂದು ಗಂಟೆ ಮಾತು ನಡೆಯಿತು. ಒಬ್ಬ ಹಿರಿಯರು ಎದ್ದುನಿಂತು, "ಅಳೆಯುವಾಗ ನೀವು ಯಾಕೆ ನಿಂತಿದ್ದೀರಿ? ನಿಂತು ನೋಡುವವರು ಒಡೆಯರು. ಅಳೆಯುವವರು ಕೂತಿರ್ತಿದ್ರು" ಎಂದರು. ಅಜ್ಜಿ ಕುಕ್ಕರಗಾಲಿನಲ್ಲಿ ಕುಳಿತು ತೋರಿಸಿದ್ದನ್ನು ಕಣ್ಣಾರೆ ಕಂಡಿದ್ದರೂ, ಹಿಂದಿನ ಸಾಲಿನವರಿಗೆ ಕಾಣಲಿ ಎಂದು ನಾನೇ ಅದನ್ನು ನಿಂತ ಭಂಗಿಗೆ ಬದಲಾಯಿಸಿದ್ದೆ. ಮರುದಿನ ಆ ಭಾಗವನ್ನು ಪೂರ್ತಿ ಕೆಳಗಿಳಿಸಿ ಮತ್ತೆ ಕಟ್ಟಿದೆವು. ಕುಳಿತ ಮೈಯಿಂದ ಯಾಂಬುವಿನ ಬಾಗಿದ ಮಂಡಿಗೆ ಏಳಲು ಇರುವುದು ಒಂದು ಗೇಣಿನ ಅಂತರ. ನಿಂತ ಮೈಯಿಂದ ಅಲ್ಲಿಗೆ ಇಳಿಯಲು ನಾವು ಒಂದು ತಿಂಗಳು ಒದ್ದಾಡಿದ್ದೆವು.

ಹೀಗೆ ನೋಡುವ, ಕೇಳುವ, ತಿದ್ದುವ ಜನ ಬಾಗಿಲಾಚೆಗೇ ಇರುವುದು ಈ ಜಾಗದ ಬೆಲೆ. ಏಕಾಂತಕ್ಕಾಗಿ ಕಾಡಿನ ನಡುವೆ ಬೇಲಿ ಹಾಕಿ ಕಟ್ಟಿದ ರೆಸಿಡೆನ್ಸಿಗಳಲ್ಲಿ ನಾನು ಈ ಹಿಂದೆ ಇದ್ದುಬಂದಿದ್ದೇನೆ. ಅಲ್ಲಿ ಕೆಲಸ ಸಾಗುತ್ತದೆ, ಆದರೆ ಅದು ಸರಿಯೋ ತಪ್ಪೋ ಎಂದು ಹೇಳುವವರು ಇರುವುದಿಲ್ಲ. ಇಲ್ಲಿ ಜಗಲಿಗೆ ಬೇಲಿಯಿಲ್ಲ. ಹಾಲು ಕೊಡಲು ಬಂದವರು ಅರ್ಧ ಗಂಟೆ ಅಭ್ಯಾಸ ನೋಡಿ ಹೋಗುತ್ತಾರೆ. ಒಬ್ಬರೇ ಕುಳಿತು ಬರೆಯಬೇಕೆನ್ನುವವರಿಗೆ ಇದು ತೊಂದರೆಯಾಗಬಹುದು. ಅಂಥವರು ಬೇರೆ ಜಾಗ ನೋಡಿಕೊಳ್ಳುವುದು ಒಳಿತು.

ಹೋಗುವ ದಾರಿ ಸುಲಭ. ಶಿವಮೊಗ್ಗದಿಂದ ಸಾಗರಕ್ಕೆ ಸುಮಾರು 70 ಕಿಲೋಮೀಟರ್, ಬಸ್ಸು ಧಾರಾಳವಾಗಿದೆ. ತಾಳಗುಪ್ಪದ ರೈಲಿನಲ್ಲಿ ಬಂದರೆ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿಯಬೇಕು. ಅಲ್ಲಿಂದ ಹಳ್ಳಿಗೆ ದಿನಕ್ಕೆ ಎರಡೇ ಬಸ್ಸು. ಚರ್ಮವಾದ್ಯ ತರುವವರು ಮಳೆಗಾಲವನ್ನು ಬಿಟ್ಟು ಬನ್ನಿ. ನವೆಂಬರ್ ನಂತರ ಬಂದರೆ ವಾದ್ಯಕ್ಕೆ ಒಳ್ಳೆಯದು, ಆದರೆ ಅದು ಅಡಿಕೆ ಕೊಯ್ಲಿನ ಕಾಲ; ಅಂಗಳ ಸಿಗುವುದಿಲ್ಲ, ಊರಿನವರಿಗೆ ಬಿಡುವೂ ಇರುವುದಿಲ್ಲ. ಒದ್ದೆ ಬಟ್ಟೆ ಒಣಗಿಸಲು ಅಡಿಕೆ ಬೇಯಿಸುವ ಒಲೆಯ ಮನೆಯಲ್ಲಿ ಹಗ್ಗ ಕಟ್ಟಿಕೊಡುತ್ತಾರೆ, ಕೇಳಿದರೆ ಸಾಕು.

ಕೊಳಗವನ್ನು ಅಜ್ಜಿಗೆ ಮರಳಿಸಿ ಬಂದೆವು. ಬಾರಿಸಿ ಬಾರಿಸಿ ಬುಡದಲ್ಲಿ ಅಂಗೈ ಅಗಲದ ಕಪ್ಪು ಗುರುತಾಗಿತ್ತು. ಅಜ್ಜಿ ಅದರ ಮೇಲೆ ತಮ್ಮ ಅಂಗೈಯಿಟ್ಟು ಅಳತೆ ನೋಡಿದರು. ಶಿವಮೊಗ್ಗದ ಪ್ರದರ್ಶನಕ್ಕೆ ಮತ್ತೆ ಬೇಕಾಗುತ್ತದೆ ಎಂದು ಹೇಳಿದ್ದೇವೆ. ಕೊಳಗದ ಜೊತೆಗೆ ತಾವೂ ಬರುವುದಾಗಿ ಅಜ್ಜಿ ಹೇಳಿದ್ದಾರೆ.